ಅವರು ಎಲ್ಲಿಗೂ ಹೋಗಿರಲಿಲ್ಲ

ಕಳೆದ ತಿಂಗಳು ಗೆಳೆಯರೊಬ್ಬರ ಮನೆಯ ತಾರಸಿಯಲ್ಲಿ ಹಳೆಯ ಬ್ಲೂಸ್ ಹಾಡುಗಳನ್ನು ಕೇಳುವ ಕೂಟವೊಂದಿತ್ತು. ಹದಿನೈದಿಪ್ಪತ್ತು ಜನ, ಒಂದು ಲ್ಯಾಪ್‌ಟಾಪು, ಒಂದು ಸ್ಪೀಕರು, ಕೆಳಗಿನ ಅಡುಗೆಮನೆಯಿಂದ ಆಗಾಗ ಮೇಲೆ ಬರುತ್ತಿದ್ದ ಚಹಾ. ಎಂ.ಎ. ಓದುತ್ತಿರುವ ಹುಡುಗನೊಬ್ಬ ಪ್ರತಿ ಹಾಡಿಗೂ ಮೊದಲು ನಾಲ್ಕು ಮಾತು ಹೇಳುತ್ತಿದ್ದ. ಚೆನ್ನಾಗಿಯೇ ಓದಿಕೊಂಡು ಬಂದಿದ್ದ. "ಮಿಸಿಸಿಪ್ಪಿ ಜಾನ್ ಹರ್ಟ್ 1928ರಲ್ಲಿ ಕೆಲವು ಹಾಡು ಹಾಡಿ ಮಾಯವಾಗಿಬಿಟ್ಟ. ಮೂವತ್ತೈದು ವರ್ಷ ಅವನು ಎಲ್ಲಿದ್ದ ಅಂತ ಯಾರಿಗೂ ಗೊತ್ತಿರಲಿಲ್ಲ. 1963ರಲ್ಲಿ ಅವನನ್ನು ಮತ್ತೆ ಪತ್ತೆಹಚ್ಚಿದವರು ಟಾಮ್ ಹಾಸ್ಕಿನ್ಸ್ ಅವರು" ಎಂದ.

ಎರಡು ಸಂಗತಿ ನನ್ನನ್ನು ಕುಟುಕಿದವು. ಒಂದು, ಹಾಡಿದವನು 'ಅವನು', ಹುಡುಕಿದವರು 'ಅವರು'. ಆ ಹೊತ್ತಿಗೆ ಹರ್ಟ್‌ಗೆ ಎಪ್ಪತ್ತರ ಆಸುಪಾಸು, ಹಾಸ್ಕಿನ್ಸ್ ಅವರಿಗಿಂತ ಎಷ್ಟೋ ಚಿಕ್ಕವರು. ಆದರೂ ನಮ್ಮ ಕನ್ನಡದ ಬಹುವಚನ ಎಷ್ಟು ಸಲೀಸಾಗಿ ಬಿಳಿಯ ಸಂಗ್ರಾಹಕನ ಕಡೆಗೆ ವಾಲಿತು ನೋಡಿ. ಇನ್ನೊಂದು, 'ಯಾರಿಗೂ ಗೊತ್ತಿರಲಿಲ್ಲ' ಎಂಬ ಮಾತು. ಅಲ್ಲೇ ಎದ್ದು ಕೇಳಬೇಕಿತ್ತು, ಕೇಳಲಿಲ್ಲ. ಸಂಜೆ ಚೆನ್ನಾಗಿತ್ತು, ಹುಡುಗ ಉತ್ಸಾಹದಲ್ಲಿದ್ದ. ಅದೂ ಅಲ್ಲದೆ ಅವನ ವಯಸ್ಸಿನಲ್ಲಿ ನಾನೂ ಇದೇ ಮಾತನ್ನು ಇದೇ ಧಾಟಿಯಲ್ಲಿ ಹೇಳಿದ್ದೇನೆ, ಬರೆದೂ ಇದ್ದೇನೆ. ಹಾಗಾಗಿ ಈ ಜಗಳ ಅರ್ಧ ನನ್ನ ಜೊತೆಗೇ.

ಹರ್ಟ್ ಎಲ್ಲಿದ್ದರು? ಅವಲಾನ್‌ನಲ್ಲಿದ್ದರು. ಮಿಸಿಸಿಪ್ಪಿ ರಾಜ್ಯದ ಆ ಪುಟ್ಟ ಊರಿನಲ್ಲೇ ಬೆಳೆದವರು, ಅಲ್ಲೇ ಹೊಲ ಮಾಡಿದವರು, ಅಲ್ಲೇ ದನ ಕಾಯುತ್ತಿದ್ದರು. ಓಕೆ ಕಂಪನಿಗೆ 1928ರಲ್ಲಿ ಹಾಡಿದ ಹಾಡೊಂದರಲ್ಲಿ ತಮ್ಮೂರು ಅವಲಾನ್ ಎಂದು ತಾವೇ ಹೇಳಿದ್ದಾರೆ. ಹಾಸ್ಕಿನ್ಸ್ ಮಾಡಿದ್ದಿಷ್ಟೇ: ಹಾಡನ್ನು ಗಮನವಿಟ್ಟು ಕೇಳಿದರು, ಹಳೆಯ ಭೂಪಟವೊಂದರಲ್ಲಿ ಆ ಹೆಸರನ್ನು ಹುಡುಕಿದರು, ಹೊರಟರು. ಊರಿನವರನ್ನು ವಿಚಾರಿಸಿದರು, ಅವರು ಮನೆ ತೋರಿಸಿದರು. ಊರಿಗೆಲ್ಲ ಗೊತ್ತಿದ್ದ ಮನೆ. ಹೆಂಡತಿಗೆ ಗೊತ್ತಿತ್ತು, ಅಕ್ಕಪಕ್ಕದವರಿಗೆ ಗೊತ್ತಿತ್ತು, ದನಗಳಿಗೂ ಗೊತ್ತಿತ್ತು. ಹರ್ಟ್ ಹಳೆಯ ತಟ್ಟೆಗಳನ್ನು ಹರಾಜಿನಲ್ಲಿ ಕೊಳ್ಳುವ ಕೆಲವು ಡಜನ್ ಜನರಿಗೆ ಕಳೆದುಹೋಗಿದ್ದರು, ಅಷ್ಟೆ. ಅವರ ಅಜ್ಞಾನವನ್ನು ನಾವು ಹರ್ಟ್ ಅವರ ಜೀವನಚರಿತ್ರೆಯನ್ನಾಗಿ ಮಾಡಿಕೊಂಡಿದ್ದೇವೆ.

ಸನ್ ಹೌಸ್ ಅವರ ಕತೆ ಇನ್ನೂ ಸೋಜಿಗದ್ದು. 1930ರಲ್ಲಿ ಪ್ಯಾರಾಮೌಂಟ್ ಕಂಪನಿಗೆ ಹಾಡಿದ್ದ ಅವರನ್ನು 1941 ಮತ್ತು 1942ರಲ್ಲಿ ಅಲನ್ ಲೋಮ್ಯಾಕ್ಸ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಮಿಸಿಸಿಪ್ಪಿಯಲ್ಲೇ ಧ್ವನಿಮುದ್ರಿಸಿಕೊಂಡರು. 1941ರ ಮುದ್ರಣ ನಡೆದದ್ದು ಒಂದು ಕಿರಾಣಿ ಅಂಗಡಿಯಲ್ಲಿ. ಹಾಡಿನ ನಡುವೆ ಹೊರಗಡೆ ರೈಲು ಹಾದುಹೋಗುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಮೊದಲ ಸಲ ಇಯರ್‌ಫೋನಿನಲ್ಲಿ ಅದನ್ನು ಕೇಳಿದಾಗ ನನ್ನ ಮೈ ಜುಮ್ಮೆಂದಿತ್ತು. 1943ರಲ್ಲಿ ಸನ್ ಹೌಸ್ ಊರು ಬಿಟ್ಟು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ಗೆ ಹೋದರು, ಮುಂದೆ ರೈಲ್ವೆಯಲ್ಲಿ ಕೆಲಸ ಮಾಡಿದರು. 1964ರ ಜೂನ್ ತಿಂಗಳಲ್ಲಿ ಡಿಕ್ ವಾಟರ್‌ಮನ್, ನಿಕ್ ಪರ್ಲ್ಸ್, ಫಿಲ್ ಸ್ಪೈರೊ ಎಂಬ ಮೂವರು ಯುವಕರು ಅವರನ್ನು ಹುಡುಕಿಕೊಂಡು ಮಿಸಿಸಿಪ್ಪಿಗೆಲ್ಲ ಅಲೆದು, ಕೊನೆಗೆ ರಾಚೆಸ್ಟರ್‌ನ ಮನೆಯ ಮುಂದೆ ನಿಂತರು. ತಮ್ಮದೇ ಹಳೆಯ ಹಾಡುಗಳನ್ನು ಮರೆತಿದ್ದ ಅವರಿಗೆ ಆ ಹಾಡುಗಳನ್ನು ಮತ್ತೆ ನೆನಪಿಸಿಕೊಟ್ಟದ್ದು ಅಲನ್ ವಿಲ್ಸನ್ ಎಂಬ ಇನ್ನೊಬ್ಬ ಯುವಕ, ಹಳೆಯ ಮುದ್ರಣಗಳನ್ನು ಕೇಳಿ ಕೇಳಿ ಕಲಿತವನು. ಮುದುಕನೊಬ್ಬನಿಗೆ ಅವನ ಯೌವನವನ್ನೇ ಪಾಠ ಹೇಳಿಕೊಡುವ ಈ ದೃಶ್ಯವನ್ನು ಬಹಳ ಜನ ಹೃದಯಸ್ಪರ್ಶಿ ಎಂದು ಬಣ್ಣಿಸುತ್ತಾರೆ. ನನಗೆ ಮುಜುಗರವಾಗುತ್ತದೆ. ಇಪ್ಪತ್ತು ವರ್ಷಗಳಲ್ಲಿ ಅವರು ಬೇರೆ ಮನುಷ್ಯರಾಗಿದ್ದರು. ಬಂದವರಿಗೆ ಬೇಕಿದ್ದದ್ದು 1930ರ ಮನುಷ್ಯ.

ಅದೇ ಜೂನ್ ತಿಂಗಳ 21ರಂದು ಅದೇ ಮಿಸಿಸಿಪ್ಪಿಯಲ್ಲಿ ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್, ಮೈಕೆಲ್ ಶ್ವೆರ್ನರ್ ಎಂಬ ಮೂವರು ನಾಗರಿಕ ಹಕ್ಕುಗಳ ಕಾರ್ಯಕರ್ತರ ಕೊಲೆಯಾಯಿತು. ಕಪ್ಪು ಜನರ ಮತದ ಹಕ್ಕಿಗಾಗಿ ನಡೆದ ಹೋರಾಟದ ಬೇಸಿಗೆ ಅದು. ಒಂದು ಕಾರು ಮತದಾರರನ್ನು ಹುಡುಕುತ್ತಾ, ಇನ್ನೊಂದು ಕಾರು ಗಾಯಕರನ್ನು ಹುಡುಕುತ್ತಾ ಅದೇ ನಾಡಿನ ದಾರಿಗಳಲ್ಲಿ ಓಡುತ್ತಿದ್ದವು. ಗಾಯಕರನ್ನು ಹುಡುಕಿದವರನ್ನು ನಾನು ದೂಷಿಸುತ್ತಿಲ್ಲ, ಅವರೂ ಅಪಾಯದ ನಡುವೆಯೇ ಓಡಾಡಿದವರು. ಆದರೆ ಬ್ಲೂಸ್ ಬಗ್ಗೆ ನಾವು ಬರೆಯುವ ಲೇಖನಗಳಲ್ಲಿ ಎರಡನೆಯ ಕಾರು ಮಾತ್ರ ಯಾಕೆ ಬರುತ್ತದೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕ್ಷೇತ್ರಕ್ಕೆ ಹೋಗಿ ಮಾಡಿದ ಧ್ವನಿಮುದ್ರಣಗಳೆಂದರೆ ಕಿಟಕಿ ತೆರೆದಿಟ್ಟ ಹಾಗೆ, ಅಲ್ಲಿ ಏನಿತ್ತೋ ಅದೇ ನಮಗೆ ಕೇಳಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸ್ಟುಡಿಯೋದ ತಟ್ಟೆ ವ್ಯಾಪಾರ, ಹೊಲದ ಬದುವಿನ ಮುದ್ರಣ ಸತ್ಯ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಕರಕರ ಸದ್ದು ಹೆಚ್ಚಿದಷ್ಟೂ ಸತ್ಯ ಹೆಚ್ಚು ಎನ್ನುವಷ್ಟು ಮೂರ್ಖನಾಗಿದ್ದೆ.

1933ರಲ್ಲಿ ಜಾನ್ ಲೋಮ್ಯಾಕ್ಸ್ ತಮ್ಮ ಹದಿನೆಂಟರ ಮಗ ಅಲನ್‌ನನ್ನು ಕರೆದುಕೊಂಡು ದಕ್ಷಿಣದ ರಾಜ್ಯಗಳಿಗೆ ಹೊರಟಾಗ ಕಾರಿನ ಹಿಂಬದಿಯಲ್ಲಿ 315 ಪೌಂಡ್ ತೂಕದ ಮುದ್ರಣ ಯಂತ್ರವಿತ್ತು. ಸುಮಾರು 143 ಕಿಲೋ, ಒಂದೂವರೆ ಕ್ವಿಂಟಾಲಿಗೆ ಸ್ವಲ್ಪ ಕಡಿಮೆ. ಅವರು ಹೆಚ್ಚಾಗಿ ಹೋದದ್ದು ಹಳ್ಳಿಗಳಿಗಲ್ಲ, ಜೈಲುಗಳಿಗೆ. ಕಾರಣವನ್ನು ಅವರು ಮುಚ್ಚಿಡಲಿಲ್ಲ: ರೇಡಿಯೊ, ಜಾಝ್, ಗ್ರಾಮಫೋನು ಮುಟ್ಟದ 'ಶುದ್ಧ' ಕಪ್ಪು ಹಾಡು ಬೇಕಿತ್ತು, ಹೊರಲೋಕದಿಂದ ಕಡಿದುಹೋದ ಮನುಷ್ಯರು ಜೈಲಿನಲ್ಲಿ ಸಿಗುತ್ತಾರೆ. ಇದನ್ನು ಒಮ್ಮೆ ನಿಧಾನವಾಗಿ ಯೋಚಿಸಿ. ಪಾರ್ಚ್‌ಮನ್, ಅಂಗೋಲಾ ಮುಂತಾದವು ನಮ್ಮ ಕಲ್ಪನೆಯ ಜೈಲುಗಳಲ್ಲ. ಸಾವಿರಾರು ಎಕರೆಯ ಹೊಲಗಳು. ಅಲ್ಲಿ ಬಂದೂಕಿನ ಕಾವಲಿನಡಿ ಕೈದಿಗಳು ಹತ್ತಿ ಬಿಡಿಸುತ್ತಿದ್ದರು, ಮರ ಕಡಿಯುತ್ತಿದ್ದರು. ಗುಲಾಮಗಿರಿಯನ್ನು ಕಾನೂನಿನ ಹಿಂಬಾಗಿಲಿನಿಂದ ಒಳತಂದ ಜಾಗಗಳವು. ಆ ಬಂಧನವೇ ಸಂಶೋಧಕನಿಗೆ ಅನುಕೂಲವಾಯಿತು. ಎದುರಿಗೆ ಜೈಲರು ನಿಂತಿರುವಾಗ ಯಂತ್ರದ ಮುಂದೆ ಹಾಡು ಎಂದರೆ ಕೈದಿ ಹಾಡದೆ ಏನು ಮಾಡುತ್ತಾನೆ? ಆ ದನಿಯಲ್ಲಿನ ನೋವಿಗೆ ನಾವು ತಲೆದೂಗುತ್ತೇವೆ. ಮುದ್ರಣಕ್ಕೆ ಒಪ್ಪಿಗೆ ಯಾರು ಕೊಟ್ಟರು ಎಂದು ಕೇಳುವುದಿಲ್ಲ.

ಅಂಗೋಲಾದಲ್ಲಿ ಅವರಿಗೆ ಸಿಕ್ಕವರು ಹಡಿ ಲೆಡ್‌ಬೆಟರ್, ಅಂದರೆ ಲೆಡ್ ಬೆಲ್ಲಿ. 1934ರಲ್ಲಿ ಅವರು ಬಿಡುಗಡೆಯಾದದ್ದು ಸನ್ನಡತೆಗೆ ಶಿಕ್ಷೆ ಕಡಿತಗೊಳಿಸುವ ಕಾನೂನಿನಡಿ ಎಂದು ಜೈಲಿನ ಅಧಿಕಾರಿಗಳೇ ತಿಳಿಸಿದರೂ, ರಾಜ್ಯಪಾಲರು ಹಾಡು ಕೇಳಿ ಕರಗಿ ಬಿಟ್ಟರು ಎಂಬ ಕತೆಯೇ ಪತ್ರಿಕೆಗಳಿಗೆ ರುಚಿಸಿತು. ಸೂಟು ಹಾಕಿಕೊಂಡು ವೇದಿಕೆ ಏರಲು ಇಷ್ಟಪಡುತ್ತಿದ್ದವರನ್ನು ಕೈದಿಯ ಉಡುಪಿನಲ್ಲಿ ತೋರಿಸಲಾಯಿತು. 1935ರ ಸುದ್ದಿಚಿತ್ರವೊಂದರಲ್ಲಿ ಲೋಮ್ಯಾಕ್ಸ್ ಅವರೂ ಲೆಡ್ ಬೆಲ್ಲಿಯವರೂ ತಮ್ಮ ಭೇಟಿಯನ್ನು ತಾವೇ ನಟಿಸಿದರು, ಒಡೆಯ ಮತ್ತು ನಿಷ್ಠಾವಂತ ಆಳಿನಂತೆ. ಗಳಿಕೆಯ ಮೂರು ಪಾಲಿನಲ್ಲಿ ತಂದೆಗೊಂದು, ಮಗನಿಗೊಂದು, ಹಾಡಿದವರಿಗೊಂದು. ಕೆಲವೇ ತಿಂಗಳಲ್ಲಿ ಆ ಸಂಬಂಧ ಮುರಿದುಬಿತ್ತು, ಮುರಿಯದಿದ್ದರೆ ಆಶ್ಚರ್ಯಪಡಬೇಕಿತ್ತು. 1949ರ ಡಿಸೆಂಬರ್‌ನಲ್ಲಿ ಲೆಡ್ ಬೆಲ್ಲಿ ತೀರಿಕೊಂಡರು. ಮರುವರ್ಷ 'ಗುಡ್‌ನೈಟ್ ಐರೀನ್' ಹಾಡನ್ನು ವೀವರ್ಸ್ ತಂಡ ಹಾಡಿ ಅಮೆರಿಕದ ಅಗ್ರಸ್ಥಾನಕ್ಕೇರಿಸಿತು. ಆ ಹಾಡಿನ ಹಕ್ಕಿನಲ್ಲಿ ಲೆಡ್‌ಬೆಟರ್ ಹೆಸರಿನ ಪಕ್ಕ ಲೋಮ್ಯಾಕ್ಸ್ ಹೆಸರೂ ಇತ್ತು.

'ಶುದ್ಧ'ದ ಹುಡುಕಾಟ ಏನನ್ನು ಹೊರಗಿಟ್ಟಿತು ಎಂಬುದಕ್ಕೂ ದಾಖಲೆಯಿದೆ. ಅದು ಕಪ್ಪು ವಿದ್ವಾಂಸರು ಮಾಡಿದ ದಾಖಲೆ. 1940ರಲ್ಲಿ ನ್ಯಾಚೆಜ್ ಊರಿನ ನೃತ್ಯಶಾಲೆಯೊಂದಕ್ಕೆ ಬೆಂಕಿ ಬಿದ್ದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಸುತ್ತ ಹುಟ್ಟುವ ಹಾಡುಗಳನ್ನು ದಾಖಲಿಸಬೇಕೆಂದು ಯೋಚಿಸಿದವರು ಫಿಸ್ಕ್ ವಿಶ್ವವಿದ್ಯಾಲಯದ ಸಂಗೀತ ಪ್ರಾಧ್ಯಾಪಕ ಜಾನ್ ವರ್ಕ್. ಆ ಯೋಚನೆ ಬೆಳೆದು, ಲೈಬ್ರರಿ ಆಫ್ ಕಾಂಗ್ರೆಸ್ ಜೊತೆಗೂಡಿ, 1941-42ರ ಕೊಹೋಮಾ ಕೌಂಟಿಯ ಅಧ್ಯಯನವಾಯಿತು. ವರ್ಕ್ ಅವರೊಂದಿಗೆ ಲೂಯಿಸ್ ಜೋನ್ಸ್, ಸ್ಯಾಮ್ಯುಯೆಲ್ ಆಡಮ್ಸ್ ಎಂಬ ಸಮಾಜವಿಜ್ಞಾನಿಗಳಿದ್ದರು. ಜೋನ್ಸ್ ಒಂದು ಸರಳವಾದ ಕೆಲಸ ಮಾಡಿದರು: ಕ್ಲಾರ್ಕ್ಸ್‌ಡೇಲ್ ಪಟ್ಟಣದ ಕಪ್ಪು ಜನರ ಹೋಟೆಲು, ಬಾರುಗಳಿಗೆ ಹೋಗಿ ಜೂಕ್‌ಬಾಕ್ಸ್‌ಗಳಲ್ಲಿ, ಅಂದರೆ ಕಾಸು ಹಾಕಿ ಹಾಡು ಕೇಳುವ ಪೆಟ್ಟಿಗೆಗಳಲ್ಲಿ, ಯಾವ ತಟ್ಟೆಗಳಿವೆ ಎಂದು ಬರೆದುಕೊಂಡರು. ಕೌಂಟ್ ಬೇಸಿ ಇದ್ದರು, ಲೂಯಿ ಜೋರ್ಡನ್ ಇದ್ದರು, ಫ್ಯಾಟ್ಸ್ ವಾಲರ್ ಇದ್ದರು. ಹಾರ್ಲೆಮ್‌ನಲ್ಲಿ ಕೇಳುವುದನ್ನೇ ಡೆಲ್ಟಾದಲ್ಲೂ ಕೇಳುತ್ತಿದ್ದರು. ಸ್ಟೋವಾಲ್ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಡ್ಡಿ ವಾಟರ್ಸ್ ತಮಗೆ ಬರುವ ಹಾಡುಗಳನ್ನು ಹೇಳಿದಾಗ ಅದರಲ್ಲಿ ಜೀನ್ ಆಟ್ರಿ ಎಂಬ ಬಿಳಿಯ ಕೌಬಾಯ್ ಗಾಯಕನ ಹಾಡುಗಳೂ ಇದ್ದವು. ತಟ್ಟೆಗೆ ಇಳಿದದ್ದು ಮಾತ್ರ ಬಂದವರು ಬಯಸಿದ ಬ್ಲೂಸ್. ಆ ಬ್ಲೂಸ್ ಸುಳ್ಳಲ್ಲ, ಅದ್ಭುತವಾದದ್ದು. ಆದರೆ ಒಬ್ಬ ಸಂಗೀತಗಾರನ ಜೋಳಿಗೆಯಿಂದ ಒಂದೇ ಕಾಳು ಆರಿಸಿ ಇದೇ ಅವನ ಹೊಲ ಎಂದರೆ ಹೇಗೆ?

ವರ್ಕ್ ಮತ್ತು ಸಂಗಡಿಗರು ಬರೆದ ಹಸ್ತಪ್ರತಿಗಳು ಪ್ರಕಟವಾಗಲಿಲ್ಲ. ಎಲ್ಲೋ ಕಳೆದುಹೋದವು ಎಂದೇ ತಿಳಿಯಲಾಗಿತ್ತು. 1993ರಲ್ಲಿ ಅಲನ್ ಲೋಮ್ಯಾಕ್ಸ್ ಡೆಲ್ಟಾದ ನೆನಪುಗಳ ದೊಡ್ಡ ಪುಸ್ತಕ ಬರೆದರು, ಪ್ರಶಸ್ತಿಯೂ ಬಂತು. ಅದರಲ್ಲಿ ವರ್ಕ್ ಇಲ್ಲವೆನ್ನುವಷ್ಟು ಕಡಿಮೆ. ವರ್ಕ್ 1967ರಲ್ಲೇ ತೀರಿಕೊಂಡಿದ್ದರು. ಮಡ್ಡಿ ವಾಟರ್ಸ್ ಜೀವನಚರಿತ್ರೆಗಾಗಿ ಹುಡುಕುತ್ತಿದ್ದ ರಾಬರ್ಟ್ ಗಾರ್ಡನ್‌ಗೆ ಆ ಹಸ್ತಪ್ರತಿಗಳು ಸಿಕ್ಕವು. ಎಲ್ಲಿ ಅಂತೀರಿ? ಲೋಮ್ಯಾಕ್ಸ್ ಅವರದೇ ಕಡತಗಳಲ್ಲಿ. ಪುಸ್ತಕವಾಗಿ ಹೊರಬಂದದ್ದು 2005ರಲ್ಲಿ. ಕಳೆದುಹೋದವರು ಎಂಬ ಪದವನ್ನು ಯಾರಿಗಾದರೂ ಬಳಸಲೇಬೇಕಿದ್ದರೆ ಇವರಿಗೆ ಬಳಸೋಣ. ಗಾಯಕರನ್ನು ಹುಡುಕಲು ಭೂಪಟ ಹಿಡಿದು ಹೊರಟ ಉತ್ಸಾಹಿಗಳಲ್ಲಿ ಎಷ್ಟು ಜನ ನ್ಯಾಶ್‌ವಿಲ್‌ನಲ್ಲಿದ್ದ ಈ ಕಪ್ಪು ಪ್ರಾಧ್ಯಾಪಕರ ಬಾಗಿಲು ತಟ್ಟಿದರು?

ನನಗೆ ಗೊತ್ತು, ನೀವು ಕೇಳುತ್ತೀರಿ: ಲೋಮ್ಯಾಕ್ಸ್ ಹೋಗದಿದ್ದರೆ ನಮಗೆ ಏನು ಉಳಿಯುತ್ತಿತ್ತು? ಬಹಳ ಕಡಿಮೆ ಉಳಿಯುತ್ತಿತ್ತು. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. 1959ರ ಸೆಪ್ಟೆಂಬರ್‌ನಲ್ಲಿ ಅಲನ್ ಲೋಮ್ಯಾಕ್ಸ್ ಮತ್ತು ಇಂಗ್ಲೆಂಡಿನ ಗಾಯಕಿ ಶರ್ಲಿ ಕಾಲಿನ್ಸ್ ಮಿಸಿಸಿಪ್ಪಿಯ ಕೋಮೊ ಊರಿನಲ್ಲಿದ್ದಾಗ, ಹಗಲೆಲ್ಲ ಹತ್ತಿ ಬಿಡಿಸಿ ಬಂದ ಫ್ರೆಡ್ ಮೆಕ್‌ಡೊವೆಲ್ ಎಂಬ ರೈತರು ಗಿಟಾರ್ ಹಿಡಿದು ಕೂತರು. ಅವರನ್ನು ಯಾವ ಕಂಪನಿಯೂ ಹುಡುಕಿಕೊಂಡು ಬಂದಿರಲಿಲ್ಲ. ಆ ರಾತ್ರಿಗಳ ಮುದ್ರಣ ನನ್ನ ಬಳಿ ಯಾವಾಗಲೂ ಇರುತ್ತದೆ, ಬೇರೇನೂ ಕೇಳಲು ಮನಸ್ಸಾಗದ ದಿನ ಅದನ್ನೇ ಕೇಳುತ್ತೇನೆ. ಯಂತ್ರ ಹೊತ್ತು ಹೋದವರ ಶ್ರಮಕ್ಕೆ ನಾನು ಋಣಿ. ಆದರೆ ಋಣವಿದೆ ಎಂಬ ಕಾರಣಕ್ಕೆ ಲೆಕ್ಕ ಕೇಳಬಾರದು ಎನ್ನುವುದು ಜಮೀನ್ದಾರರ ತರ್ಕ. ಕೋರಿಗೆ ಹೊಲ ಮಾಡಿದ ರೈತನಿಗೆ ವರ್ಷದ ಕೊನೆಯಲ್ಲಿ ಒಡೆಯ ಹೇಳುತ್ತಿದ್ದದ್ದೂ ಅದನ್ನೇ.

ಲೆಕ್ಕ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಮೆಕ್‌ಡೊವೆಲ್ ಹಾಡುತ್ತಿದ್ದ 'ಯು ಗಾಟ ಮೂವ್' ಅನ್ನು ರೋಲಿಂಗ್ ಸ್ಟೋನ್ಸ್ 1971ರ ಆಲ್ಬಮ್‌ನಲ್ಲಿ ಸೇರಿಸಿಕೊಂಡಾಗ, ಆರ್ಹೂಲಿ ಎಂಬ ಚಿಕ್ಕ ಕಂಪನಿಯ ಕ್ರಿಸ್ ಸ್ಟ್ರಾಕ್‌ವಿಟ್ಜ್ ಪಟ್ಟುಹಿಡಿದು ಅವರ ಪಾಲಿನ ಹಣ ಕೊಡಿಸಿದರು, 1972ರಲ್ಲಿ ಅವರು ಸಾಯುವುದಕ್ಕೆ ಮೊದಲು. ಅಲಬಾಮಾದ ವೆರಾ ಹಾಲ್ ಅವರಿಗೆ ಅಂಥ ಅದೃಷ್ಟವಿರಲಿಲ್ಲ. ಬಿಳಿಯರ ಮನೆಗಳಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು ಬದುಕಿದ ಅವರ ಬಾಳನ್ನು ಲೋಮ್ಯಾಕ್ಸ್ ಒಂದು ಪುಸ್ತಕದಲ್ಲಿ ಬರೆದರು, 'ನೋರಾ' ಎಂಬ ಬೇರೆ ಹೆಸರಿಟ್ಟು. ಅವರು ತೀರಿಕೊಂಡದ್ದು 1964ರಲ್ಲಿ. 1999ರಲ್ಲಿ ಮೋಬಿ ಎಂಬ ಸಂಗೀತಗಾರ ಅವರ ದನಿಯನ್ನೇ ತುಂಡು ಮಾಡಿ ತಾಳದ ಮೇಲೆ ಕೂರಿಸಿದ ಹಾಡು ಜಗತ್ತನ್ನೆಲ್ಲ ಸುತ್ತಿತು. ಬೆಂಗಳೂರಿನ ಕಾಫಿ ಅಂಗಡಿಗಳಲ್ಲೂ ಕೇಳಿದ್ದೇನೆ. ಆ ದನಿ ಯಾರದ್ದೆಂದು ನನಗೆ ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ಜೇಮ್ಸ್ ಕಾರ್ಟರ್ ಅವರದು ಇನ್ನೊಂದು ಬಗೆ. 1959ರಲ್ಲಿ ಮಿಸಿಸಿಪ್ಪಿಯ ಕೈದಿಗಳ ಹೊಲದಲ್ಲಿ ಕೊಡಲಿಯೇಟಿನ ಲಯಕ್ಕೆ 'ಪೋ ಲಾಜರಸ್' ಹಾಡಿಸಿದ ಮುಂದಾಳು ಅವರು. 2000ದಲ್ಲಿ ಕೋಯೆನ್ ಸಹೋದರರ ಸಿನಿಮಾವೊಂದು ಅದೇ ಮುದ್ರಣದೊಂದಿಗೆ ಶುರುವಾಯಿತು, ಸಿನಿಮಾದ ಹಾಡುಗಳ ಆಲ್ಬಮ್ ಐವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಲೋಮ್ಯಾಕ್ಸ್ ಅವರ ಮಗಳು ಮತ್ತು ಸಂಗ್ರಹಾಲಯದವರು ಪತ್ರಕರ್ತರೊಬ್ಬರ ನೆರವಿನಿಂದ ಹುಡುಕಿದಾಗ ಕಾರ್ಟರ್ ಶಿಕಾಗೊದಲ್ಲಿದ್ದರು, ಎಪ್ಪತ್ತು ದಾಟಿತ್ತು. ಸುಮಾರು 20,000 ಡಾಲರಿನ ಚೆಕ್ಕನ್ನು ಕೈಗಿತ್ತರು. 2002ರ ಗ್ರ್ಯಾಮಿ ಸಮಾರಂಭಕ್ಕೂ ಹೋಗಿ ಬಂದರು, ಮರುವರ್ಷ ತೀರಿಕೊಂಡರು. ಈ ಹಾಡು ಹಾಡಿದ ನೆನಪೇ ಅವರಿಗಿರಲಿಲ್ಲ. ಯಾಕಿರಬೇಕು? ಅವರಿಗೆ ಅದು ಕಲಾಕೃತಿಯಾಗಿರಲಿಲ್ಲ, ಕೊಡಲಿ ಮೇಲೆತ್ತಿ ಇಳಿಸಬೇಕಾದ ಎಷ್ಟೋ ದಿನಗಳಲ್ಲಿ ಒಂದು ದಿನ. ಹಣ ಕೊಡಲು ಹುಡುಕುವುದಕ್ಕೂ ಹಾಡಿಸಲು ಹುಡುಕುವುದಕ್ಕೂ ಇರುವ ವ್ಯತ್ಯಾಸವನ್ನು ನೋಡಿ ಎನ್ನುವುದಷ್ಟೇ ನನ್ನ ಮಾತು.

ಇನ್ನು ನಮ್ಮ ಬಗ್ಗೆ, ಅಂದರೆ ಯಾರೂ ಕೇಳದ್ದನ್ನು ತಾನು ಕೇಳಿದ್ದೇನೆ ಎಂಬ ಸುಖಕ್ಕೆ ಬಿದ್ದ ರಸಿಕರ ಬಗ್ಗೆ. 1930ರಲ್ಲಿ ಗೀಶಿ ವೈಲಿ ಮತ್ತು ಎಲ್ವಿ ಥಾಮಸ್ ಎಂಬ ಇಬ್ಬರು ಹೆಂಗಸರು ಪ್ಯಾರಾಮೌಂಟ್‌ಗೆ ಹಾಡಿದರು. ತಟ್ಟೆಗಳ ಪ್ರತಿಗಳು ಬೆರಳೆಣಿಕೆಯಷ್ಟೂ ಉಳಿದಿರಲಿಲ್ಲ. ಅವರ ಬಗ್ಗೆ ಏನೂ ಗೊತ್ತಿಲ್ಲ ಎನ್ನುವುದೇ ಅವರ ಕೀರ್ತಿಯಾಗಿತ್ತು. ಆದರೆ ಹೂಸ್ಟನ್‌ನ ಸಂಗ್ರಾಹಕ ಮ್ಯಾಕ್ ಮೆಕಾರ್ಮಿಕ್ 1961ರಲ್ಲೇ ಥಾಮಸ್ ಅವರನ್ನು ಭೇಟಿಯಾಗಿ ಮಾತಾಡಿಸಿ ಟಿಪ್ಪಣಿ ಮಾಡಿಕೊಂಡಿದ್ದರು. ಆ ಟಿಪ್ಪಣಿ ಅವರ ಮನೆಯ ಕಾಗದದ ಬೆಟ್ಟದಲ್ಲೇ ಉಳಿಯಿತು. ಜಾನ್ ಜೆರೆಮಯ್ಯ ಸಲ್ಲಿವನ್ ಪತ್ರಿಕೆಯೊಂದರಲ್ಲಿ ಅದನ್ನು ಬಯಲಿಗೆ ತಂದದ್ದು 2014ರಲ್ಲಿ. ಐವತ್ತಕ್ಕೂ ಹೆಚ್ಚು ವರ್ಷ ಆ ಇಬ್ಬರನ್ನು ಅಜ್ಞಾತರನ್ನಾಗಿ ಇಟ್ಟದ್ದು ಕಾಲವಲ್ಲ, ಒಂದು ಬೀರು. ಬೀಗ ಹಾಕಿದ ಅಂಥ ಬೀರುವಿನ ಮುಂದೆ ಕೂತು ನಾವು 'ನಿಗೂಢತೆ' ಎಂದು ಕವನ ಬರೆಯುತ್ತಿದ್ದೆವು.

ಕರ್ನಾಟಕಕ್ಕೂ ಇಂಥ ಯಂತ್ರಗಳು ಬಂದಿದ್ದವು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರ ಪ್ರವಾಸದಲ್ಲಿ ಕೇರಳ, ತಮಿಳುನಾಡುಗಳ ಜೊತೆಗೆ ಕನ್ನಡನಾಡಿನಲ್ಲೂ ಧ್ವನಿಮುದ್ರಣ ಮಾಡಿದ್ದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಣಗಳ ಜಾಡು ಹಿಡಿದು ಅವೇ ಜಾಗಗಳಿಗೆ ಹೋದರು, ಏನು ಉಳಿದಿದೆ, ಏನು ಬದಲಾಗಿದೆ ಎಂದು ನೋಡಿದರು. ಮೂಲ ಕೆಲಸದಷ್ಟೇ ಈ ಮರಳಿ ಹೋಗುವ ಕೆಲಸವೂ ದೊಡ್ಡದು ಎಂದು ನನ್ನ ಅಭಿಪ್ರಾಯ. ಲೋಮ್ಯಾಕ್ಸ್ ಸ್ಥಾಪಿಸಿದ ಸಂಸ್ಥೆಯೂ ಈಗ ಸುಮಾರು 17,000 ಮುದ್ರಣಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಕೇಳುವಂತೆ ತೆರೆದಿಟ್ಟಿದೆ, ಹಾಡಿದವರ ಊರುಗಳಿಗೆ ಪ್ರತಿಗಳನ್ನು ಮರಳಿ ಕೊಡುತ್ತಿದೆ. ಅಲ್ಲಿಗೆ ಹೋಗಿ ಕೇಳಿ. ಆದರೆ ಕೇಳಿದ್ದನ್ನು ಕನ್ನಡದಲ್ಲಿ ಬರೆಯುವಾಗ ಹಾಡಿದವರಿಗೆ ಬಹುವಚನ ಕೊಡಿ. ಯಾವ ಹೊಲ, ಯಾರ ಹೊಲ, ಎದುರಿಗೆ ಯಾರು ನಿಂತಿದ್ದರು, ಹಣ ಎಲ್ಲಿಗೆ ಹೋಯಿತು ಎಂದು ಗೊತ್ತಿದ್ದರೆ ಅದನ್ನೂ ಬರೆಯಿರಿ, ಹಾಡಿನ ವರ್ಣನೆ ಒಂದು ಪ್ಯಾರಾ ಕಡಿಮೆಯಾದರೂ ಪರವಾಗಿಲ್ಲ. 'ಮರುಶೋಧ' ಎಂಬ ಪದವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ.

ತಾರಸಿಯ ಕೂಟದ ಕೊನೆಗೆ ಆ ಹುಡುಗ ಮಡ್ಡಿ ವಾಟರ್ಸ್ ಅವರ 1941ರ ಮುದ್ರಣ ಹಾಕಿದ. ಎಲ್ಲರೂ ಕಣ್ಣು ಮುಚ್ಚಿ ಕೇಳಿದರು. ಅವನು ಹೇಳದೆ ಬಿಟ್ಟ ಒಂದು ಸಂಗತಿಯನ್ನು ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಅವನಿಗೆ ಹೇಳಿದೆ. ಲೈಬ್ರರಿಯಿಂದ ತಟ್ಟೆ ಕಳಿಸಿ ಎಂದು ಮಡ್ಡಿ ವಾಟರ್ಸ್ ಪತ್ರ ಬರೆಸಿ ಕಾದರು. ಬಹಳ ದಿನಗಳ ಮೇಲೆ ಎರಡು ಪ್ರತಿಯೂ 20 ಡಾಲರಿನ ಚೆಕ್ಕೂ ಬಂದವು. ಅವರು ಸೂಟು ಹಾಕಿಕೊಂಡು, ತಟ್ಟೆಯನ್ನು ಕೈಯಲ್ಲಿ ಹಿಡಿದು ಸ್ಟುಡಿಯೋದಲ್ಲಿ ಫೋಟೊ ತೆಗೆಸಿಕೊಂಡರು. ಆಮೇಲೆ ತಟ್ಟೆಯನ್ನು ಊರಿನ ಜೂಕ್‌ಬಾಕ್ಸ್‌ಗೆ ಹಾಕಿ, ತಾವು ಹಾಡಿದ್ದನ್ನು ತಾವೇ ನಿಂತು ಕೇಳಿದರು.